ಭಾರ ಯಾವ ಕಾಲಿನ ಮೇಲಿದೆ?

ಮನುಷ್ಯಾಕೃತಿಯನ್ನು ಬರೆಯಲು ಕೂರುವ ಹೊಸಬರು ಬಹುಮಟ್ಟಿಗೆ ಒಂದೇ ಕಡೆಯಿಂದ ಆರಂಭಿಸುತ್ತಾರೆ. ಹಾಳೆಯ ಮೇಲ್ಭಾಗದಲ್ಲಿ ತಲೆ, ತಲೆಯೊಳಗೆ ಕಣ್ಣು, ಮೂಗು, ಬಾಯಿ, ಅದರ ಕೆಳಗೆ ಕುತ್ತಿಗೆ, ಭುಜ, ತೋಳು, ಹೀಗೆ ಒಂದೊಂದನ್ನೇ ಮುಗಿಸುತ್ತ ಕೆಳಗಿಳಿಯುವಾಗ ಪಾದದ ಸರದಿ ಬರುವಷ್ಟರಲ್ಲಿ ಹಾಳೆಯೇ ಮುಗಿದಿರುತ್ತದೆ. ಉಳಿದ ಎರಡು ಬೆರಳಷ್ಟು ಜಾಗದಲ್ಲಿ ಪಾದಗಳನ್ನು ಹೇಗೋ ಅಡಕಿದ ಆ ಚಿತ್ರದಲ್ಲಿ ಅಂಗಗಳಿಗೆ ಕೊರತೆ ಇರುವುದಿಲ್ಲ. ಕಣ್ರೆಪ್ಪೆಗಳು ಕೂಡ ಇರುತ್ತವೆ. ಆದರೆ ಆ ಮನುಷ್ಯ ನೆಲದ ಮೇಲೆ ನಿಂತಿರುವುದಿಲ್ಲ, ಗೂಟಕ್ಕೆ ಸಿಕ್ಕಿಸಿದ ಅಂಗಿಯಂತೆ ತೂಗಾಡುತ್ತಿರುತ್ತಾನೆ. ನಡುವಯಸ್ಸಿನಲ್ಲಿ ಪೆನ್ಸಿಲ್ ಹಿಡಿದ ನನಗೆ ಈ ಕಲಿಕೆಯಲ್ಲಿ ಮೊದಲು ದಕ್ಕಿದ್ದು, ಈಗಲೂ ಎಲ್ಲಕ್ಕಿಂತ ಮುಖ್ಯವೆನಿಸುವುದು, ಒಂದೇ ಪ್ರಶ್ನೆ: ಎದುರಿಗಿರುವ ದೇಹದ ಭಾರ ಎಲ್ಲಿ ಬಿದ್ದಿದೆ? ಅದನ್ನು ಕಂಡುಕೊಳ್ಳುವ ಮುನ್ನ ಎಳೆದ ಯಾವ ಗೆರೆಯೂ ಹೆಚ್ಚು ಕೆಲಸಕ್ಕೆ ಬರುವುದಿಲ್ಲ.

ಶಾಲೆಯ ಡ್ರಾಯಿಂಗ್ ತರಗತಿಯಲ್ಲಿ ಈ ಪ್ರಶ್ನೆ ಏಳುವ ಸಂದರ್ಭವೇ ಇರಲಿಲ್ಲ. ಎರಡು ಗುಡ್ಡಗಳ ನಡುವೆ ಉದಯಿಸುವ ಸೂರ್ಯ, ಹೆಂಚಿನ ಮನೆ, ಪಕ್ಕದಲ್ಲೊಂದು ತೆಂಗಿನಮರ. ಸ್ವಲ್ಪ ಮುಂದುವರಿದವರಿಗೆ ಮೇಜಿನ ಮೇಲಿಟ್ಟ ಹೂಜಿ ಮತ್ತು ಹಣ್ಣು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆ ಕಟ್ಟಿದವರಿಗೆ ಇನ್ನಷ್ಟು ಶಿಸ್ತು ಬಂದಿರುತ್ತದೆ, ಅದನ್ನು ಕಡೆಗಣಿಸುವಂತಿಲ್ಲ. ಆದರೆ ಹೂಜಿಗೆ ಕಾಲು ನೋಯುವುದಿಲ್ಲ. ಬಸ್ಸು ಬಂತೆಂದು ಅದು ಎದ್ದು ಹೋಗುವುದೂ ಇಲ್ಲ. ಅದರ ಹೊರಗೆರೆಯನ್ನು ಸರಿಯಾಗಿ ಎಳೆದರೆ ಹೂಜಿ ಸಿಕ್ಕಿತು. ಮನುಷ್ಯನ ಹೊರಗೆರೆಯನ್ನು ಎಷ್ಟೇ ಎಚ್ಚರದಿಂದ ಎಳೆದರೂ ಮನುಷ್ಯ ಸಿಗುತ್ತಾನೆಂಬ ಖಾತರಿಯಿಲ್ಲ, ಏಕೆಂದರೆ ಆ ಗೆರೆ ಹಾಗೆ ಬಾಗಲು ಕಾರಣವಾದ ಒತ್ತಡ, ಎಳೆತ, ಆಸರೆ ಎಲ್ಲವೂ ಅದರ ಒಳಗಡೆ ಇರುತ್ತವೆ.

ಜೆಸ್ಚರ್ ಡ್ರಾಯಿಂಗ್ ಎಂಬ ಅಭ್ಯಾಸ ಇರುವುದು ಈ ಒಳಗಿನದನ್ನು ಹಿಡಿಯುವುದಕ್ಕಾಗಿ. ಮಾಡೆಲ್ ಒಂದು ಭಂಗಿಯಲ್ಲಿ 30 ಸೆಕೆಂಡ್, 1 ನಿಮಿಷ, ಹೆಚ್ಚೆಂದರೆ 2 ನಿಮಿಷ ನಿಲ್ಲುತ್ತಾರೆ. ಅಷ್ಟರೊಳಗೆ ತಲೆಯಿಂದ ಪಾದದವರೆಗೆ ಇಡೀ ದೇಹ ಹಾಳೆಯ ಮೇಲೆ ಬಂದುಬಿಡಬೇಕು. ಕಣ್ಣು ಮೂಗು ಬರೆಯಲು ಸಮಯವೇ ಸಿಗುವುದಿಲ್ಲ, ಸಿಗಬಾರದೆಂಬುದೇ ಉದ್ದೇಶ. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಪಾಠ ಹೇಳುತ್ತಿದ್ದ ಕೀಮನ್ ನಿಕೊಲೈಡೀಸ್ ಇದನ್ನು ಕ್ರಮಬದ್ಧ ಬೋಧನೆಯಾಗಿ ರೂಪಿಸಿದವರಲ್ಲಿ ಪ್ರಮುಖರು. ಅವರು 1938ರಲ್ಲಿ ತೀರಿಕೊಂಡರು, ಅವರ ಪಾಠಗಳು ಪುಸ್ತಕವಾಗಿ ಹೊರಬಂದದ್ದು 1941ರಲ್ಲಿ. ವಸ್ತು ಹೇಗೆ ಕಾಣುತ್ತದೆ ಎಂಬುದಕ್ಕಿಂತ ಅದು ಏನು ಮಾಡುತ್ತಿದೆ ಎಂಬುದನ್ನು ಬರೆಯಬೇಕೆನ್ನುವುದು ಅವರ ಬೋಧನೆಯ ತಿರುಳು. ಸ್ವಾರಸ್ಯವೆಂದರೆ ಇದೇ ಗುರು ಇದರ ಜೊತೆಜೊತೆಗೇ ತೀರ ನಿಧಾನವಾದ ಇನ್ನೊಂದು ಅಭ್ಯಾಸವನ್ನೂ ಹೇಳಿಕೊಟ್ಟಿದ್ದಾರೆ: ಹಾಳೆಯ ಕಡೆ ನೋಡದೆ, ಪೆನ್ಸಿಲಿನ ತುದಿ ಎದುರಿನ ದೇಹವನ್ನೇ ಮುಟ್ಟುತ್ತಿದೆ ಎಂದು ಭಾವಿಸಿಕೊಂಡು, ಕಣ್ಣೂ ಕೈಯೂ ಒಂದೇ ವೇಗದಲ್ಲಿ ಅಂಚಿನುದ್ದಕ್ಕೂ ಸಾಗುವುದು. ಅವಸರದ್ದೂ ಬೇಕು, ನಿಧಾನದ್ದೂ ಬೇಕು. ಆದರೂ ಹೊಸಬರು ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ಅವಸರದ್ದನ್ನೇ ಆರಿಸಿಕೊಳ್ಳಲಿ ಎನ್ನುತ್ತೇನೆ. ನಿಧಾನವಾಗಿ ಅಂಚು ಹಿಡಿದು ಹೋಗುವ ಅಭ್ಯಾಸ ಶಾಲೆಯಿಂದಲೇ ನಮ್ಮ ಕೈಗೆ ಅಷ್ಟಿಷ್ಟು ಅಂಟಿಕೊಂಡಿರುತ್ತದೆ. ಇಡೀ ಮೈಯನ್ನು ಒಂದೇ ನೋಟದಲ್ಲಿ ಹಿಡಿಯುವುದು ಹೊಸದಾಗಿ ಕಲಿಯಬೇಕಾದ ವಿದ್ಯೆ.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 4ಬಿ ಅಥವಾ 6ಬಿ ಪೆನ್ಸಿಲ್, ಇಲ್ಲವೇ ಇದ್ದಿಲು ಕಡ್ಡಿ, ಮತ್ತು ಅಗ್ಗದ ಕಾಗದ. ಕಾಗದ ಅಗ್ಗವಾಗಿರಬೇಕೆನ್ನುವುದು ಜಿಪುಣತನದ ಮಾತಲ್ಲ. ದುಬಾರಿ ಸ್ಕೆಚ್‌ಬುಕ್ಕಿನ ದಪ್ಪ ಬಿಳಿ ಹಾಳೆ ಕೈಯನ್ನು ಬಿಗಿಮಾಡುತ್ತದೆ, ಹಾಳಾಗಬಾರದೆಂಬ ಕಾಳಜಿಯಲ್ಲಿ ಗೆರೆ ಪುಕ್ಕಲಾಗುತ್ತದೆ. ಒಂದು ಬದಿ ಮುದ್ರಿಸಿ ಬಿಸಾಡಿದ ಎ4 ಹಾಳೆಗಳ ಕಟ್ಟು ಇದಕ್ಕೆ ಬೇಕಾದಷ್ಟಾಯಿತು. ರಬ್ಬರನ್ನು ಮನೆಯಲ್ಲೇ ಬಿಟ್ಟುಬಿಡುವುದು ಒಳ್ಳೆಯದು. ಪೆನ್ಸಿಲನ್ನು ಅಕ್ಷರ ಬರೆಯುವ ಹಿಡಿತದಲ್ಲಿ ಹಿಡಿಯದೆ ಅಂಗೈಯ ಕೆಳಗೆ ಅಡ್ಡಲಾಗಿ ಹಿಡಿದರೆ ಗೆರೆ ಬೆರಳಿನಿಂದಲ್ಲ, ಭುಜದಿಂದ ಬರುತ್ತದೆ. ಉದ್ದ ಗೆರೆಗಳಿಗೆ ಬೇಕಾದದ್ದು ಭುಜವೇ.

ಇನ್ನು ಭಾರದ ವಿಷಯ. ಎರಡೂ ಕಾಲುಗಳ ಮೇಲೆ ಸಮನಾಗಿ ನಿಲ್ಲುವವರು ನಿಜಜೀವನದಲ್ಲಿ ಅಪರೂಪ. ಪೆರೇಡಿನಲ್ಲಿ, ರಾಷ್ಟ್ರಗೀತೆ ಹಾಡುವಾಗ, ಮದುವೆಮನೆಯ ಗ್ರೂಪ್ ಫೋಟೊದಲ್ಲಿ, ಅಷ್ಟೆ. ಉಳಿದ ಹೊತ್ತಿನಲ್ಲಿ ಒಂದು ಕಾಲು ದುಡಿಯುತ್ತದೆ, ಇನ್ನೊಂದು ವಿಶ್ರಮಿಸುತ್ತದೆ. ದುಡಿಯುವ ಕಾಲಿನ ಕಡೆ ಸೊಂಟದ ಎಲುಬು ಮೇಲೇರುತ್ತದೆ, ಸಡಿಲ ಬಿಟ್ಟ ಕಾಲಿನ ಕಡೆ ಇಳಿಯುತ್ತದೆ. ಆ ಓರೆಯನ್ನು ಸರಿದೂಗಿಸಲು ಭುಜಗಳು ಎದುರು ದಿಕ್ಕಿಗೆ ಓರೆಯಾಗುತ್ತವೆ, ನಡುವೆ ಬೆನ್ನುಮೂಳೆ ಬಾಗುತ್ತದೆ, ಕತ್ತು ಮತ್ತೆ ತಿರುಗಿ ತಲೆಯನ್ನು ನೆಟ್ಟಗಿಡಲು ನೋಡುತ್ತದೆ. ಹೀಗೆ ನಿಂತವರ ಕೊರಳಿನ ಬುಡದಲ್ಲಿರುವ ಗುಳಿಯಿಂದ ತೂಕದ ಗುಂಡು ಕಟ್ಟಿದ ದಾರವೊಂದನ್ನು ಇಳಿಬಿಟ್ಟರೆ ಅದು ದುಡಿಯುವ ಕಾಲಿನ ಹಿಮ್ಮಡಿಯ ಹತ್ತಿರವೇ ಬೀಳುತ್ತದೆ. ಪೆನ್ಸಿಲನ್ನು ಲಂಬವಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಇದನ್ನು ಯಾರಾದರೂ ಪರೀಕ್ಷಿಸಬಹುದು. ಆದ್ದರಿಂದ ಹಾಳೆಯ ಮೇಲೆ ನಾನು ಮೊದಲು ಹಾಕುವ ಗುರುತು ತಲೆಯದಲ್ಲ. ಕೊರಳ ಗುಳಿಗೊಂದು, ಹಿಮ್ಮಡಿಗೊಂದು ಚುಕ್ಕಿ. ಅವುಗಳ ನಡುವೆ ಮೈಯ ಒಟ್ಟು ಬಾಗನ್ನು ಹೇಳುವ ಒಂದು ಉದ್ದ ಗೆರೆ. ಅದಕ್ಕೆ ಅಡ್ಡಲಾಗಿ ಭುಜಕ್ಕೊಂದು, ಸೊಂಟಕ್ಕೊಂದು ಓರೆ ಗೆರೆ. ಇಷ್ಟಾದರೆ ಮನುಷ್ಯ ನಿಂತ ಹಾಗೆಯೇ. ತೋಳು, ಕಾಲು, ತಲೆಗಳು ಆಮೇಲೆ ತಮ್ಮ ಜಾಗಕ್ಕೆ ತಾವಾಗಿ ಬರುತ್ತವೆ, ಬಾರದಿದ್ದರೂ ಚಿತ್ರಕ್ಕೆ ಜೀವ ಇರುತ್ತದೆ.

ಮಾಡೆಲ್ ನಿಲ್ಲಿಸಿ ಕಲಿಸುವ ಶಾಲೆಗೆ ಹೋಗಲು ಹಾಸನದಲ್ಲಿರುವ ನನಗೆ ಸಮಯವೂ ಇಲ್ಲ, ಅನುಕೂಲವೂ ಇಲ್ಲ. ಬಸ್ ನಿಲ್ದಾಣವಿದೆ. ಅರಸೀಕೆರೆ, ಸಕಲೇಶಪುರ, ಹೊಳೆನರಸೀಪುರದ ಬಸ್ಸುಗಳಿಗಾಗಿ ಕಾಯುವವರು ದಿನವಿಡೀ ಅಲ್ಲಿ ನಿಂತೇ ಇರುತ್ತಾರೆ, ಮತ್ತು ಕಾಯುವುದೆಂದರೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ಇರುವುದು. ಕಂಬಕ್ಕೆ ಒರಗಿದವರು, ಚೀಲವನ್ನು ಎರಡು ಪಾದಗಳ ನಡುವೆ ಇಟ್ಟು ಸೊಂಟದ ಮೇಲೆ ಕೈಯಿಟ್ಟವರು, ಕುಕ್ಕರುಗಾಲಿನಲ್ಲಿ ಕೂತು ಮೊಣಕೈಗಳನ್ನು ಮಂಡಿಯ ಮೇಲೆ ಚಾಚಿದವರು. ತಲೆಯ ಮೇಲೆ ಬುಟ್ಟಿ ಹೊತ್ತವರಲ್ಲಿ ಕತ್ತು ಒಂದಿಷ್ಟೂ ಅಲುಗುವುದಿಲ್ಲ. ಅಲುಗುವುದೆಲ್ಲ ಭುಜದಿಂದ ಕೆಳಗೆ.

ಇವರೆಲ್ಲರಿಗಿಂತ ಹೆಚ್ಚು ಕಲಿಸಿದವರು ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತ ತಾಯಂದಿರು. ಮಗುವನ್ನು ಎಡಸೊಂಟದ ಮೇಲೆ ಕೂರಿಸಿಕೊಂಡ ಹೆಂಗಸಿನ ಸೊಂಟ ಎಡಕ್ಕೆ ಚಾಚಿ ಮಗುವಿಗೆ ಒಂದು ಮಣೆಯಾಗುತ್ತದೆ, ಎಡಗಾಲು ಭಾರ ಹೊರುತ್ತದೆ, ಬಲಮಂಡಿ ಸಡಿಲವಾಗಿ ಮಡಚಿಕೊಳ್ಳುತ್ತದೆ. ಮಗುವಿನ ತೂಕಕ್ಕೆ ಎದುರಾಗಿ ಅವಳ ಎದೆ, ಭುಜ, ತಲೆ ಬಲಕ್ಕೆ ವಾಲುತ್ತವೆ. ಇಲ್ಲಿ ಮೇಲೆ ಹೇಳಿದ ದಾರದ ಲೆಕ್ಕ ತಪ್ಪುತ್ತದೆ: ಕೊರಳ ಗುಳಿಯಿಂದ ಇಳಿಬಿಟ್ಟ ದಾರ ಹಿಮ್ಮಡಿಗೆ ಬಾರದೆ ಎರಡು ಕಾಲುಗಳ ನಡುವೆ, ಕೆಲವೊಮ್ಮೆ ಇನ್ನೂ ಆಚೆ, ಬೀಳುತ್ತದೆ. ಅವಳೊಬ್ಬಳನ್ನೇ ಬರೆದು ಮಗುವನ್ನು ಆಮೇಲೆ ಸೇರಿಸೋಣವೆಂದುಕೊಂಡರೆ ಹಾಳೆಯ ಮೇಲೆ ಅವಳು ಬಲಕ್ಕೆ ಉರುಳಿಬೀಳುತ್ತಿರುತ್ತಾಳೆ. ಹಾಗೆ ಬೀಳುವಂತೆ ಕಾಣುವುದು ಸರಿಯೂ ಹೌದು, ಮಗುವಿಲ್ಲದೆ ಆ ನಿಲುವಿನಲ್ಲಿ ಯಾರೂ ನಿಲ್ಲಲಾರರು. ತಾಯಿ ಮಗು ಇಬ್ಬರ ಭಾರ ಕೂಡಿ ಬೀಳುವ ಜಾಗ ಆ ಎಡಪಾದ. ಆದ್ದರಿಂದ ಇಬ್ಬರನ್ನೂ ಒಂದೇ ಮೈಯೆಂದು ಎಣಿಸಿ, ಮಗುವಿನ ಬೆನ್ನಿನಿಂದ ತಾಯಿಯ ಸೊಂಟಕ್ಕೆ, ಅಲ್ಲಿಂದ ಹಿಮ್ಮಡಿಗೆ ಒಂದೇ ಗೆರೆ ಇಳಿಸಬೇಕಾಗುತ್ತದೆ. ಇದು ಹೊಳೆದ ಮೇಲೆ ಉಳಿದವು ಸುಲಭವಾದವು. ತುಂಬಿದ ಕೊಡ ಹಿಡಿದವರು, ಗ್ಯಾಸ್ ಸಿಲಿಂಡರ್ ಹೆಗಲಿಗೇರಿಸಿದವರು, ಸ್ಕೂಲ್ ಬ್ಯಾಗಿನ ಭಾರಕ್ಕೆ ಮುಂದಕ್ಕೆ ಬಾಗಿದ ಹುಡುಗರು, ಎಲ್ಲರಲ್ಲೂ ಹೊರೆ ಮೈಯ ಒಂದು ಅಂಗವೇ ಆಗಿರುತ್ತದೆ.

ಬೇಲೂರು ನಮ್ಮಿಂದ ಸುಮಾರು 40 ಕಿಲೋಮೀಟರ್. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯದ ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತ ಮದನಿಕೆಯರು ಹೊರಗೆ 38, ಒಳಗೆ 4. ಕೆಲವು ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಮೈ ಮೂರು ಕಡೆ ಬಾಗುವ ತ್ರಿಭಂಗಿಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲವೆಂದು ಮೊದಮೊದಲು ಅನ್ನಿಸುತ್ತದೆ. ಓರೆಯಾದ ಸೊಂಟ, ಎದುರು ಓರೆಯ ಭುಜ, ಮತ್ತೆ ತಿರುಗಿದ ಕತ್ತು, ಎಲ್ಲವೂ ಕಲ್ಲಿನಲ್ಲಿ ಸ್ಪಷ್ಟವಾಗಿವೆ. ಮಾಡೆಲ್ ಅಲುಗುವ ಭಯವೂ ಇಲ್ಲ. ಆದರೆ ಆ ಅಲುಗದಿರುವುದೇ ಹೊಸಬರನ್ನು ದಾರಿ ತಪ್ಪಿಸುತ್ತದೆ. ಶಿಲ್ಪ ಕಾಯುತ್ತದೆಂದು ಗೊತ್ತಾದ ಕೂಡಲೇ ಪೆನ್ಸಿಲ್ ಬಳೆ, ಡಾಬು, ತಲೆಯ ಮೇಲಿನ ಬಳ್ಳಿಯ ಕೆತ್ತನೆಗಳ ಕಡೆಗೆ ಓಡುತ್ತದೆ, ಅಲ್ಲೇ ಒಂದು ಗಂಟೆ ಕಳೆದುಹೋಗುತ್ತದೆ. ಹಾಗಾಗಿ ಕಲ್ಲಿನ ಮುಂದೆಯೂ 2 ನಿಮಿಷದ ಗಡಿ ಇಟ್ಟುಕೊಳ್ಳಬೇಕು. ಪ್ರತಿಯೊಬ್ಬ ಮದನಿಕೆಯ ಯಾವ ಕಾಲು ಭಾರ ಹೊತ್ತಿದೆ ಎಂಬುದೊಂದನ್ನೇ ಬರೆದುಕೊಂಡು ದೇವಾಲಯ ಸುತ್ತುವುದು ನನಗೆ ತುಂಬ ಇಷ್ಟವಾದ ಅಭ್ಯಾಸ. ಆಭರಣಗಳನ್ನು ಬಿಟ್ಟು ನೋಡಿದಾಗ ಒಬ್ಬೊಬ್ಬರ ನಿಲುವೂ ಎಷ್ಟು ಬೇರೆಯೆಂಬುದು ಆಗಲೇ ಕಾಣುವುದು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಮದನಿಕೆಯರಿಗೆ ದಣಿವಿಲ್ಲ. ಬೇಲೂರಿನಲ್ಲಿ ಮಾತ್ರ ಕಲಿತವರು ಬಸ್ ನಿಲ್ದಾಣದಲ್ಲಿ ನಿಂತವರನ್ನೆಲ್ಲ ನಾಟ್ಯಕ್ಕೆ ನಿಲ್ಲಿಸಿಬಿಡುತ್ತಾರೆ. ಬಸ್ಸಿಗೆ ಕಾಯುವವರ ಬಾಗು ಅಂದಕ್ಕಾಗಿ ಆದದ್ದಲ್ಲ, ನೋವು ತಪ್ಪಿಸಿಕೊಳ್ಳಲು ಆದದ್ದು. ಒಮ್ಮೆ ಕೋಲೂರಿಕೊಂಡು ನಿಂತಿದ್ದ ಅಜ್ಜಿಯೊಬ್ಬರನ್ನು ಬರೆಯುತ್ತಿದ್ದಾಗ ಅವರೇ ಹತ್ತಿರ ಬಂದು, "ಏನವ್ವಾ ಅದು, ಲೆಕ್ಕ ಬರೀತಿದೀಯಾ?" ಎಂದರು. ಹಾಳೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಮಕನೇ ಇಲ್ವಲ್ಲವ್ವ, ಇದು ನಾನು ಅಂತ ಯಾರ್ಗೆ ಗೊತ್ತಾದದು?" ಎಂದು ಕೇಳಿದರು. ಜೊತೆಯಲ್ಲಿದ್ದ ಇನ್ನೊಬ್ಬ ಅಜ್ಜಿ ಇಣುಕಿ ನೋಡಿ, "ಗೊತ್ತಾಯ್ತದೆ ಬುಡು, ಆ ಮಂಡಿ ನಿಂದೇಯ" ಎಂದುಬಿಟ್ಟರು. ಮುಖವಿಲ್ಲದ ಆ ಹಾಳೆಯಲ್ಲಿ ಇದ್ದದ್ದು ನೋಯುವ ಮಂಡಿಯನ್ನು ಉಳಿಸಲು ಕೋಲಿನ ಕಡೆಗೆ ಒಗೆದ ಮೈಭಾರ ಮಾತ್ರ. ಗೆಳತಿಗೆ ಅಷ್ಟು ಸಾಕಾಯಿತು.

ಈ ವಿಚಾರಗಳೆಲ್ಲ ನ್ಯೂಯಾರ್ಕಿನಿಂದ ಬಂದವು ಎಂದುಕೊಳ್ಳಬೇಕಿಲ್ಲ. ವಿಷ್ಣುಧರ್ಮೋತ್ತರ ಪುರಾಣದ ಮೂರನೆಯ ಖಂಡದಲ್ಲಿ ಚಿತ್ರಸೂತ್ರವೆಂಬ ಭಾಗವಿದೆ. ಅಲ್ಲಿ ಮಾರ್ಕಂಡೇಯನು ವಜ್ರನೆಂಬ ರಾಜನಿಗೆ, ನೃತ್ಯವನ್ನು ತಿಳಿಯದವನಿಗೆ ಚಿತ್ರವಿದ್ಯೆ ಅರ್ಥವಾಗದು ಎನ್ನುತ್ತಾನೆ. ಅಲೆ, ಬೆಂಕಿಯ ನಾಲಗೆ, ಹೊಗೆ, ಬಾವುಟಗಳನ್ನು ಗಾಳಿಯ ಗತಿಗೆ ತಕ್ಕಂತೆ ಬರೆಯಬಲ್ಲವನೇ ಚಿತ್ರ ಬಲ್ಲವನು ಎಂಬ ಮಾತೂ ಅಲ್ಲಿ ಬರುತ್ತದೆ. ಹೊಗೆಗೆ ನೆಚ್ಚಿಕೊಳ್ಳಬಹುದಾದ ಹೊರಗೆರೆ ಎಲ್ಲಿದೆ? ಅದರಲ್ಲಿ ಬರೆಯಲು ಸಿಗುವುದು ಚಲನೆಯೊಂದೇ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಮುಂಬಯಿಯಲ್ಲಿ ಕಲಾವಿದರಾಗಿ ಹೆಸರು ಮಾಡಿದ ಮೇಲೂ ಲಯವನ್ನು ಅರಿಯಲೆಂದು ಕಥಕ್ ಕಲಿತರು. ನರ್ತಿಸುವವರನ್ನು ಕುರಿತ ಅವರ ರೇಖಾಚಿತ್ರಗಳಲ್ಲಿ ಗೆರೆಗಳ ಸಂಖ್ಯೆ ಬಹಳ ಕಡಿಮೆ. ಹಲವು ಕಡೆ ಕೈಯ ಅಂಚೆಲ್ಲಿ ಮುಗಿದು ಸೆರಗಿನ ಅಂಚೆಲ್ಲಿ ಶುರುವಾಯಿತೆಂದು ಹೇಳಲಾಗುವುದಿಲ್ಲ. ಅದನ್ನು ನೋಡಿ ಹೊಸಬರು ಕಡಿಮೆ ಗೆರೆ ಎಳೆಯಲು ಹೊರಡಬಾರದು ಎಂಬುದು ನನ್ನ ಅಭಿಪ್ರಾಯ. ಆ ಕಡಿಮೆಯ ಹಿಂದೆ ಕಾಲಿಗೆ ಗೆಜ್ಜೆ ಕಟ್ಟಿ ಕುಣಿದ ದೇಹವೊಂದಿದೆ. ಕಥಕ್ ಕಲಿಯಲು ಆಗದವರು ಕನಿಷ್ಠ ಪಕ್ಷ ಬರೆಯುವ ಮುನ್ನ ಆ ಭಂಗಿಯಲ್ಲಿ ಒಂದು ಕ್ಷಣ ತಾವೇ ನಿಂತು ನೋಡಬಹುದು. ಯಾವ ಸ್ನಾಯು ಬಿಗಿಯುತ್ತದೆ, ಯಾವ ಪಾದ ಒತ್ತುತ್ತದೆ ಎಂಬುದು ಕಣ್ಣಿಗಿಂತ ಮೊದಲು ಮೈಗೆ ಗೊತ್ತಾಗುತ್ತದೆ.

ಮಲಗಿದವನನ್ನು ಚೇತನವುಳ್ಳವನಾಗಿ, ಸತ್ತವನನ್ನು ಚೇತನವಿಲ್ಲದವನಾಗಿ ಬೇರ್ಪಡಿಸಿ ಬರೆಯಬಲ್ಲವನು ಚಿತ್ರ ಬಲ್ಲವನೆಂದೂ ಅದೇ ಚಿತ್ರಸೂತ್ರ ಹೇಳುತ್ತದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಮಧ್ಯಾಹ್ನ ಮಲಗಿದವರನ್ನು ಬರೆಯಲು ಕೂತಾಗ ಈ ಮಾತಿನ ತೂಕ ಅರಿವಿಗೆ ಬರುತ್ತದೆ. ನಿಂತ ಮೈಯ ಭಾರ ಒಂದು ಹಿಮ್ಮಡಿಗೆ ಇಳಿದರೆ, ಮಲಗಿದ ಮೈಯದು ತಲೆ, ಹೆಗಲು, ಸೊಂಟ, ಮಂಡಿ, ಹೀಗೆ ನಾಲ್ಕಾರು ಕಡೆ ಹಂಚಿಹೋಗಿರುತ್ತದೆ. ಆದರೂ ಎಲ್ಲೋ ಒಂದು ಕಡೆ ಅದು ಎಚ್ಚರವಾಗಿರುತ್ತದೆ. ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ ಒಬ್ಬರ ಬಲಗೈಯ ಎರಡು ಬೆರಳು ಬ್ಯಾಗಿನ ಪಟ್ಟಿಗೆ ಸುತ್ತಿಕೊಂಡಿದ್ದವು, ಮತ್ತು ಆ ಮಣಿಕಟ್ಟಿನ ನರ ಎದ್ದು ಕಾಣುತ್ತಿತ್ತು. ಉಳಿದ ಮೈಯನ್ನೆಲ್ಲ ಸಡಿಲ ಗೆರೆಗಳಲ್ಲಿ ಬಿಟ್ಟು ಆ ಬೆರಳುಗಳಿಗೆ ಮಾತ್ರ ಪೆನ್ಸಿಲನ್ನು ಒತ್ತಿದರೆ ಸಾಕು, ಅವರು ಮಲಗಿದ್ದಾರೆಂಬುದು ಹಾಳೆಯ ಮೇಲೆ ತಿಳಿಯುತ್ತದೆ.

ಮಲಗಿದವರಿಂದ ಬರುವ ಇನ್ನೊಂದು ಕಷ್ಟವೆಂದರೆ, ಪಾದ ನಮ್ಮ ಕಡೆಗಿದ್ದು ತಲೆ ಆಚೆಗಿದ್ದಾಗ ಅಂಗಾಲು ತಲೆಗಿಂತ ದೊಡ್ಡದಾಗಿ ಕಾಣುತ್ತದೆ, ಇಡೀ ಕಾಲು ಒಂದು ಗೇಣಿಗೆ ಕುಗ್ಗುತ್ತದೆ. ಹತ್ತಿರದ್ದು ಬೆಳೆಯುವುದು, ದೂರದ್ದು ಕುಗ್ಗುವುದು, ಚಿತ್ರಸೂತ್ರದಲ್ಲಿ ಇದಕ್ಕೆ ಕ್ಷಯ, ವೃದ್ಧಿ ಎಂಬ ಹೆಸರುಗಳಿವೆ. ಕಾಲು ಉದ್ದವೆಂದು ಮನಸ್ಸಿಗೆ ಗೊತ್ತಿರುವುದರಿಂದ ಕೈ ಅದನ್ನು ಉದ್ದವಾಗಿಯೇ ಎಳೆಯಲು ಹಟ ಹಿಡಿಯುತ್ತದೆ. ಆಗ ಕಾಲನ್ನು ಬಿಟ್ಟು, ಕಾಲಿಗೂ ಬೆಂಚಿಗೂ ನಡುವೆ ಉಳಿದ ಖಾಲಿ ಜಾಗದ ಆಕಾರವನ್ನು ಬರೆಯುವುದು ಒಳ್ಳೆಯ ಉಪಾಯ. ಆ ಜಾಗದ ಬಗ್ಗೆ ಮನಸ್ಸಿಗೆ ಮೊದಲೇ ಏನೂ ಗೊತ್ತಿರುವುದಿಲ್ಲವಾದ್ದರಿಂದ ಅದು ಅಡ್ಡ ಬರುವುದಿಲ್ಲ.

ಅಳತೆಗಳನ್ನು ಕಲಿಯಬೇಕೇ ಎಂದು ಕೇಳಿದರೆ, ಬೇಕು, ಆದರೆ ಮೊದಲಿಗಲ್ಲ. ಪ್ರಾಯದವರ ಎತ್ತರ ಸುಮಾರು ಏಳೂವರೆ ತಲೆ, ಒಂದು ವರ್ಷದ ಮಗುವಿನದು ಸುಮಾರು ನಾಲ್ಕು ತಲೆ ಎಂದು ಪಾಶ್ಚಾತ್ಯ ಪಾಠಗಳು ಹೇಳುತ್ತವೆ. ನಮ್ಮ ಶಿಲ್ಪಶಾಸ್ತ್ರದ ಅಳತೆಯ ಕ್ರಮವಾದ ತಾಳಮಾನದಲ್ಲಿ 12 ಅಂಗುಲದ ಮುಖವೇ ಒಂದು ತಾಳ; ನವತಾಳದ ಮೂರ್ತಿ 108 ಅಂಗುಲ. ಮಗುವಿನ ತಲೆಯನ್ನು ದೊಡ್ಡವರ ಪ್ರಮಾಣದಲ್ಲಿ ಬರೆದರೆ ಅದು ಕುಳ್ಳ ಮನುಷ್ಯನಾಗುತ್ತದೆ, ಅಲ್ಲಿ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಉಳಿದಂತೆ, ಅಳತೆ ತಪ್ಪಿದರೂ ಭಾರ ಸರಿಯಾಗಿರುವ ಚಿತ್ರವನ್ನು ಕಣ್ಣು ಒಪ್ಪಿಕೊಳ್ಳುತ್ತದೆ. ಅಳತೆ ಸರಿಯಿದ್ದು ಭಾರ ತಪ್ಪಿದ ಚಿತ್ರವನ್ನು ಒಪ್ಪುವುದಿಲ್ಲ.

ಇಂಟರ್ನೆಟ್ಟಿನಲ್ಲಿ ಟೈಮರ್ ಜೊತೆಗೆ ಭಂಗಿಗಳ ಫೋಟೊ ತೋರಿಸುವ ತಾಣಗಳಿವೆ. ಮಳೆಗಾಲದ ಸಂಜೆಗಳಲ್ಲಿ ನಾನೂ ಅವನ್ನು ಬಳಸುತ್ತೇನೆ. ಕೈ ಪಳಗಲು ಅವು ಸಾಲುತ್ತವೆ, ಕಣ್ಣು ಪಳಗಲು ಸಾಲವು. ಫೋಟೊದಲ್ಲಿ ಯಾವ ಕ್ಷಣವನ್ನು ನಿಲ್ಲಿಸಬೇಕೆಂಬ ತೀರ್ಮಾನವನ್ನು ಕ್ಯಾಮೆರಾ ಹಿಡಿದವರು ಮೊದಲೇ ಮಾಡಿಬಿಟ್ಟಿರುತ್ತಾರೆ. ಎದುರಿಗೆ ನಿಂತವರಲ್ಲಿ ಆ ತೀರ್ಮಾನ ನಮ್ಮದು. ಅವರು ಭಾರ ಬದಲಿಸಿದ ಕೂಡಲೇ ಹಿಂದಿನ ಭಂಗಿಯನ್ನು ನೆನಪಿನಿಂದ ಮುಗಿಸಬೇಕೋ, ಹೊಸದನ್ನು ಪಕ್ಕದಲ್ಲಿ ಆರಂಭಿಸಬೇಕೋ ಎಂದು ಆ ಗಳಿಗೆಯಲ್ಲೇ ನಿರ್ಧರಿಸಬೇಕು. ನಾನು ಹೊಸದನ್ನು ಆರಂಭಿಸುವವಳು. ಒಂದೇ ಹಾಳೆಯಲ್ಲಿ ಒಬ್ಬರೇ ಅರ್ಧಂಬರ್ಧವಾಗಿ ಹಲವು ಸಲ ಬಂದಿರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಪರಿಚಯವಿಲ್ಲದವರನ್ನು ದಿಟ್ಟಿಸಿ ನೋಡುವುದು ಸಭ್ಯತೆಯಲ್ಲ ಎಂಬುದು ನಿಜವೇ. ಬೆನ್ನು ತಿರುಗಿಸಿದವರನ್ನು, ದೂರದಲ್ಲಿರುವವರನ್ನು ಬರೆಯುವುದು ನನಗೆ ಹಿತ. ಮಗುವಿಗೆ ಹಾಲೂಡಿಸುವವರನ್ನು, ಕಾಯಿಲೆಯಿಂದ ಬಳಲುವವರನ್ನು ಬರೆಯುವುದಿಲ್ಲ. ಯಾರಾದರೂ ಮುಜುಗರಪಟ್ಟರೆ ಹಾಳೆ ಮಗುಚುತ್ತೇನೆ, ಕೇಳಿದರೆ ಕೊಟ್ಟುಬಿಡುತ್ತೇನೆ.

ನಮ್ಮ ಉಡುಪು ಮೈಯನ್ನು ಮುಚ್ಚುವುದರಿಂದ ಇಲ್ಲಿ ಈ ಕಲಿಕೆ ಕಷ್ಟವೆನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಬಟ್ಟೆಯ ನಿರಿಗೆಗಳು ಅದು ತಗುಲಿಕೊಂಡ ಜಾಗದಿಂದಲೇ ಹೊರಡುತ್ತವೆ: ಸೆರಗಿನ ನಿರಿಗೆ ಹೆಗಲಿನಿಂದ, ಸೀರೆಯ ಸೆಳೆತ ಚಾಚಿದ ಸೊಂಟದಿಂದ, ಪಂಚೆಯ ಮಡಿಕೆ ಮುಂದಿಟ್ಟ ಮಂಡಿಯಿಂದ. ಆ ಎರಡು ಮೂರು ಗೆರೆಗಳನ್ನು ಹಿಡಿದರೆ ಒಳಗೆ ಯಾವ ಕಾಲು ದುಡಿಯುತ್ತಿದೆ ಎಂಬುದನ್ನು ಬಟ್ಟೆಯೇ ಹೇಳುತ್ತದೆ. ಎತ್ತಿ ಕಟ್ಟಿದ ಪಂಚೆಯಂತೂ ಹೊಸಬರಿಗೆ ವರ.

ಕೈಗಳದ್ದು ಬೇರೆಯೇ ಕಥೆ. ಕೈಯ ಉದ್ದ ಗದ್ದದಿಂದ ಹಣೆಯ ಕೂದಲಿನ ಅಂಚಿನವರೆಗಿನ ಉದ್ದದಷ್ಟೇ ಇರುತ್ತದೆ, ಆದರೆ ಹೊಸಬರ ಚಿತ್ರಗಳಲ್ಲಿ ಅದು ಸದಾ ಚಿಕ್ಕದಾಗಿರುತ್ತದೆ, ಇಲ್ಲವೇ ಬೆನ್ನ ಹಿಂದೆಯೋ ಜೇಬಿನೊಳಗೋ ಸೇರಿಕೊಂಡಿರುತ್ತದೆ. ಮೊಬೈಲ್ ಬಂದ ಮೇಲೆ ಬಸ್ ನಿಲ್ದಾಣದ ಭಂಗಿಗಳು ಒಂದೇ ಬಗೆಯಾಗಿವೆ, ಅರ್ಧಕ್ಕರ್ಧ ಜನ ಕತ್ತು ಬಗ್ಗಿಸಿ ನಿಂತಿರುತ್ತಾರೆ ಎಂದು ಗೊಣಗಿಕೊಳ್ಳುತ್ತಿದ್ದೆ. ಕೈಗಳನ್ನು ಬರೆಯಲು ಹೊರಟ ಮೇಲೆ ಅದು ಅನುಕೂಲವೇ ಆಗಿದೆ, ಏಕೆಂದರೆ ಅವರು 5 ನಿಮಿಷವಾದರೂ ಕೈ ಕದಲಿಸುವುದಿಲ್ಲ, ಹೆಬ್ಬೆರಳೊಂದನ್ನು ಬಿಟ್ಟು. ನಾಲ್ಕು ಬೆರಳುಗಳನ್ನು ಬೇರೆಬೇರೆಯಾಗಿ ಎಳೆಯದೆ ಒಟ್ಟಾಗಿ ಒಂದು ಹಲಗೆಯೆಂದು ತಿಳಿದು ಅದು ಎಲ್ಲಿ ಬಾಗಿದೆ, ಫೋನಿನ ತೂಕ ಯಾವ ಬೆರಳಿನ ಮೇಲಿದೆ ಎಂಬುದನ್ನು ಮೊದಲು ಗುರುತಿಸುತ್ತೇನೆ. ಹೆಚ್ಚಿನವರಲ್ಲಿ ಅದು ಕಿರುಬೆರಳಿನ ಮೇಲಿರುತ್ತದೆ. ಹೆಬ್ಬೆರಳು ಅಂಗೈಯ ಅಂಚಿನಿಂದಲ್ಲ, ಮಣಿಕಟ್ಟಿನ ಹತ್ತಿರದಿಂದಲೇ ಹೊರಡುತ್ತದೆ ಎಂಬುದನ್ನು ಕಣ್ಣು ಒಪ್ಪಿದೆ, ಕೈ ಇನ್ನೂ ಒಪ್ಪಿಲ್ಲ.